ಒಂದು ಪರಮಾಣುವಿನ ಎಂಜಿನ್: ಪೆನ್ಸಿಲ್ ಹಿಡಿದು ಓಡಿಸಿ ನೋಡಿ

ಬೈಕಿನ ಎಂಜಿನ್ ಬಿಚ್ಚಿ ನೋಡಿದವರಿಗೆ ಅದರ ಒಳಗಿನ ಕೆಲಸ ಗೊತ್ತು. ಒತ್ತು, ಉರಿಸು, ಹಿಗ್ಗಲು ಬಿಡು, ಹೊಗೆ ಹೊರಗೆ ಹಾಕು. ಇದೇ ಸುತ್ತನ್ನು ಒಂದೇ ಒಂದು ಪರಮಾಣುವಿನ ಕೈಲೂ ಮಾಡಿಸಬಹುದು. ಪಿಸ್ಟನ್ ಬೇಡ, ಪೆಟ್ರೋಲೂ ಬೇಡ.

ಅಷ್ಟು ಚಿಕ್ಕ ಎಂಜಿನ್‌ನಲ್ಲಿ ಕ್ವಾಂಟಂ ನಿಯಮಗಳು ಅಡ್ಡ ಬರಬಹುದು. ಅದರಿಂದ ದಕ್ಷತೆ, ಅಂದರೆ ನಮ್ಮ ಮಾತಿನ ಮೈಲೇಜು, ಜಾಸ್ತಿ ಆಗುತ್ತಾ ಕಮ್ಮಿ ಆಗುತ್ತಾ? ಯಾರೋ ಹೇಳಿದ್ದನ್ನು ನಂಬುವ ಬದಲು ನೀವೇ ಲೆಕ್ಕ ಹಾಕಿ. ಕೂಡುವುದು, ಕಳೆಯುವುದು, ಗುಣಿಸುವುದು ಬಂದರೆ ಸಾಕು. ಒಂದು ಹಾಳೆ, ಪೆನ್ಸಿಲ್, ಮೊಬೈಲಿನ ಕ್ಯಾಲ್ಕುಲೇಟರ್ ತಗೊಂಡು ಕೂತ್ಕೊಳ್ಳಿ.

ಮೊದಲು ಒಂದು ಅಟ್ಟ ಕಟ್ಟಿ

ಹಾಳೆಯ ಮೇಲೆ ಒಂದು ನೆಲ, ಅದರ ಮೇಲೆ ಒಂದು ಅಟ್ಟ ಬರೆಯಿರಿ. ಪರಮಾಣು ನೆಲದ ಮೇಲಿರಬೇಕು, ಇಲ್ಲವೇ ಅಟ್ಟದ ಮೇಲೆ. ಮಧ್ಯೆ ಮೆಟ್ಟಿಲಿಲ್ಲ. ಪ್ರಯೋಗಾಲಯದಲ್ಲಿ ಇದು, ಉದಾಹರಣೆಗೆ, ಇಂಗಾಲದ ನ್ಯೂಕ್ಲಿಯಸ್ಸಿನ ಸ್ಪಿನ್. ಸ್ಪಿನ್ ಅಂದರೆ ಒಂದು ಪುಟ್ಟ ಆಯಸ್ಕಾಂತದ ಮುಳ್ಳು ಅಂದುಕೊಳ್ಳಿ. ಅದು ಆಯಸ್ಕಾಂತದ ದಿಕ್ಕಿಗೆ ಮುಖ ಮಾಡಿದ್ದರೆ ನೆಲ, ಬೆನ್ನು ಹಾಕಿದ್ದರೆ ಅಟ್ಟ.

ಶಕ್ತಿಯನ್ನು ರೂಪಾಯಿಯಲ್ಲಿ ಎಣಿಸೋಣ. ಅಟ್ಟದ ಎತ್ತರ 2 ರೂಪಾಯಿ ಅಂದರೆ, ಮೇಲಿರುವ ಪ್ರತಿ ಪರಮಾಣುವಿನ ಹತ್ತಿರ 2 ರೂಪಾಯಿ ಇದೆ ಅಂತ. ನೆಲದ ಮೇಲಿರುವುದರ ಜೇಬು ಖಾಲಿ. ಒಂದೇ ಪರಮಾಣು ಇದ್ದರೆ ಸರಾಸರಿ ಹೇಳುವುದು ಕಷ್ಟ. ಅದಕ್ಕೆ ಇಂಥ 100 ಎಂಜಿನ್‌ಗಳು ಒಟ್ಟಿಗೆ ಓಡುತ್ತಿವೆ ಅಂದುಕೊಳ್ಳಿ.

ಇಲ್ಲಿ ಒಂದು ವಿಷಯ ಗಟ್ಟಿ ಮಾಡಿಕೊಳ್ಳಬೇಕು. ಅಟ್ಟವನ್ನೇ ನಾವು ಏರಿಸಿ ಇಳಿಸಿದರೆ ಅದು ಕೆಲಸ. ಅಟ್ಟ ಇದ್ದಲ್ಲೇ ಇದ್ದು ಪರಮಾಣುಗಳು ಹತ್ತಿ ಇಳಿದರೆ ಅದು ಶಾಖ.

ನಾಲ್ಕು ಸ್ಟ್ರೋಕ್

ಶುರುವಿಗೆ ಎಂಜಿನ್ ತಣ್ಣಗಿದೆ. ಅಟ್ಟದ ಎತ್ತರ 2. ಮೇಲೆ 20 ಪರಮಾಣು, ಕೆಳಗೆ 80.

ಒಂದನೇ ಸ್ಟ್ರೋಕ್: ಅಟ್ಟವನ್ನು ನಿಧಾನವಾಗಿ 2ರಿಂದ 3.6ಕ್ಕೆ ಏರಿಸಿ. ಮೇಲಿರುವ 20 ಪರಮಾಣುಗಳನ್ನೂ ಹೊತ್ತೇ ಏರಿಸಬೇಕಲ್ಲ? ತಲೆಗೆ 1.6ರಂತೆ ನಿಮ್ಮ ಕೈಯಿಂದ 32 ರೂಪಾಯಿ ಹೋಯಿತು.

ಎರಡನೇ ಸ್ಟ್ರೋಕ್: ಬಿಸಿ ತಾಗಿಸಿ. ಇನ್ನೂ 20 ಪರಮಾಣು ಅಟ್ಟ ಹತ್ತಿದವು, ಈಗ ಮೇಲೆ 40. ಒಳಗೆ ಬಂದ ಶಾಖ 20 × 3.6, ಅಂದರೆ 72.

ಮೂರನೇ ಸ್ಟ್ರೋಕ್: ಅಟ್ಟವನ್ನು ನಿಧಾನವಾಗಿ 2ಕ್ಕೆ ಇಳಿಸಿ. ಈ ಸಲ ಮೇಲೆ 40 ಇವೆ. 40 × 1.6 = 64 ರೂಪಾಯಿ ನಿಮ್ಮ ಕೈಗೆ.

ನಾಲ್ಕನೇ ಸ್ಟ್ರೋಕ್: ತಂಪು ತಾಗಿಸಿ. 20 ಪರಮಾಣು ಇಳಿಯುತ್ತವೆ, 40 ರೂಪಾಯಿ ಶಾಖ ಹೊರಗೆ ಹೋಗುತ್ತದೆ. ನಮ್ಮ ಹೊಗೆ ಇದೇ.

ಕೈಗೆ ಬಂದಿದ್ದು 64, ಕೊಟ್ಟಿದ್ದು 32. ಲಾಭ 32. ಅದನ್ನು ಒಳಗೆ ಬಂದ 72ರಿಂದ ಭಾಗಿಸಿದರೆ ದಕ್ಷತೆ ಶೇ 44.

ಇದು ಚೆನ್ನಾಗಿದೆಯಾ? ಯಾವುದೇ ಶಾಖದ ಎಂಜಿನ್‌ಗೆ ಒಂದು ಮೇಲ್ಮಿತಿ ಇದೆ ಅಂತ 1824ರಲ್ಲೇ ಫ್ರಾನ್ಸಿನ ಸಾದಿ ಕಾರ್ನೋ ತೋರಿಸಿದ್ದ. ಬಿಸಿ ಎಷ್ಟು, ತಂಪು ಎಷ್ಟು ಅನ್ನುವುದರ ಮೇಲೆ ಮಾತ್ರ ಆ ಮಿತಿ ನಿಂತಿದೆ. 20:80, 40:60 ಅನ್ನುವ ಹಂಚಿಕೆಯಿಂದ ನಮ್ಮ ಎಂಜಿನ್‌ನ ತಾಪಮಾನ ಲೆಕ್ಕ ಹಾಕಿದರೆ ಕಾರ್ನೋ ಮಿತಿ ಸುಮಾರು ಶೇ 84 ಬರುತ್ತದೆ. (ಇದಕ್ಕೆ ಲಾಗರಿದಮ್ ಬೇಕು. ಕಾಲೇಜಿಗೆ ಹೋಗುವವರು ಮನೆಯಲ್ಲಿದ್ದರೆ ಅವರಿಗೆ ಕೊಡಿ.) ನಾವು ಇನ್ನೂ ತುಂಬಾ ಕೆಳಗಿದ್ದೇವೆ.

ಇಲ್ಲಿವರೆಗೆ ಕ್ವಾಂಟಂ ಜಾದೂ ಏನೂ ನಡೆದಿಲ್ಲ ಅಂತ ಗಮನಿಸಿ. ಅಟ್ಟ ಇದೆ, ಮೆಟ್ಟಿಲಿಲ್ಲ, ಅಷ್ಟೇ. ಅಸಲಿ ತಮಾಷೆ ಶುರುವಾಗುವುದು ಅವಸರ ಮಾಡಿದಾಗ.

ಈಗ ಎಕ್ಸಲರೇಟರ್ ಕೊಡಿ

ನಿಧಾನವಾಗಿ ಓಡುವ ಎಂಜಿನ್ ಯಾರಿಗೆ ಬೇಕು? ದಕ್ಷತೆ ಎಷ್ಟೇ ಇದ್ದರೂ ಒಂದು ಸುತ್ತಿಗೆ ದಿನಗಟ್ಟಲೆ ಹಿಡಿದರೆ ಪವರ್ ಸೊನ್ನೆಗೆ ಹತ್ತಿರ. ಹಾಗಾಗಿ ಅಟ್ಟವನ್ನು ಬೇಗ ಏರಿಸಿ ಇಳಿಸಬೇಕು.

ತುಂಬಿದ ಕೊಡ ತುಳುಕುವುದಿಲ್ಲ ಅನ್ನುವ ಗಾದೆ ಇಲ್ಲಿ ನಡೆಯುವುದಿಲ್ಲ. ಹೊತ್ತುಕೊಂಡು ಓಡಿದರೆ ಎಲ್ಲ ಕೊಡವೂ ತುಳುಕುತ್ತದೆ. ಸ್ಪಿನ್ನೂ ಹಾಗೇ. ಅಟ್ಟ ಏರಿಸಿ ಇಳಿಸಲು ಆಯಸ್ಕಾಂತ ಕ್ಷೇತ್ರದ ಬಲ, ದಿಕ್ಕು ಎರಡನ್ನೂ ಗಬಕ್ಕನೆ ಬದಲಿಸಿದರೆ ಸ್ಪಿನ್‌ಗೆ ಅದನ್ನು ಹಿಂಬಾಲಿಸಲು ಆಗುವುದಿಲ್ಲ. ನೆಲದ ಮೇಲಿದ್ದ ಕೆಲವು ಅಟ್ಟಕ್ಕೆ, ಅಟ್ಟದ ಮೇಲಿದ್ದ ಕೆಲವು ನೆಲಕ್ಕೆ ಜಿಗಿಯುತ್ತವೆ.

100ಕ್ಕೆ 5 ಜಿಗಿಯುತ್ತವೆ ಅಂತ ಇಟ್ಟುಕೊಂಡು ಮತ್ತೆ ಲೆಕ್ಕ ಮಾಡಿ. ಮೊದಲ ಸ್ಟ್ರೋಕಿನಲ್ಲಿ ಅಟ್ಟದ 20ರಲ್ಲಿ 1 ಇಳಿಯಿತು, ನೆಲದ 80ರಲ್ಲಿ 4 ಹತ್ತಿದವು. ಮೇಲೆ ಈಗ 23. ಅವುಗಳ ಶಕ್ತಿ 23 × 3.6 = 82.8. ಮೊದಲು ಇದ್ದದ್ದು 40. ಅಂದರೆ 32ರ ಬದಲು 42.8 ರೂಪಾಯಿ ಕೊಟ್ಟಿರಿ! ಬಿಸಿ ತಾಗಿಸಿದಾಗ 40 ಆಗಲು 17 ಹತ್ತಿದರೆ ಸಾಕು, ಶಾಖ 61.2. ಇಳಿಸುವಾಗ 40ರಲ್ಲಿ 2 ಇಳಿದು, 60ರಲ್ಲಿ 3 ಹತ್ತಿ, ಮೇಲೆ 41 ಉಳಿಯುತ್ತವೆ. 144 ಇದ್ದದ್ದು 82 ಆಯಿತು, ನಿಮಗೆ ಸಿಕ್ಕಿದ್ದು 62.

ಲಾಭ 62 ಕಳೆ 42.8, ಅಂದರೆ 19.2. ದಕ್ಷತೆ ಶೇ 31.

ನೂರಕ್ಕೆ ಐದು ಜಿಗಿದಿದ್ದಕ್ಕೆ ಲಾಭದಲ್ಲಿ ಐದನೇ ಎರಡು ಪಾಲು ಖೋತಾ. ಯಾವುದೂ ಯಾವುದಕ್ಕೂ ಉಜ್ಜಿಲ್ಲ, ಆದರೂ ಇದಕ್ಕೆ ಕ್ವಾಂಟಂ ಘರ್ಷಣೆ ಅಂತಲೇ ಹೆಸರು.

ಲ್ಯಾಬಿನಲ್ಲಿ ಏನಾಯಿತು?

ಬ್ರೆಜಿಲ್‌ನ ವಿಜ್ಞಾನಿಗಳು ಮತ್ತು ಅವರ ಜೊತೆಗಾರರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಇದೇ ಎಂಜಿನ್ ಓಡಿಸಿದರು. ಕ್ಲೋರೊಫಾರ್ಮ್ ಅಣುವಿನಲ್ಲಿರುವ ಇಂಗಾಲದ ಸ್ಪಿನ್ನೇ ಎಂಜಿನ್. ನಿಧಾನವಾಗಿ ಓಡಿಸಿದರೆ ಅವರ ಎಂಜಿನ್‌ಗೆ ಸಿಗಬಹುದಾದ ಗರಿಷ್ಠ ದಕ್ಷತೆಯೂ ಶೇ 44. (ನಾನು 2 ಮತ್ತು 3.6 ಆರಿಸಿದ್ದು ಅದಕ್ಕೇ.) ಅತಿ ಹೆಚ್ಚು ಪವರ್ ಕೊಡುವ ವೇಗದಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಶೇ 42. ವೇಗವನ್ನು ಸರಿಯಾಗಿ ಆರಿಸಿಕೊಂಡರೆ ಘರ್ಷಣೆಯ ದಂಡ ಇಷ್ಟು ಕಮ್ಮಿ ಮಾಡಬಹುದು.

ಚಿಕ್ಕದಾದ ಮಾತ್ರಕ್ಕೆ ಎಲ್ಲವೂ ಕ್ವಾಂಟಂ ಅಂದುಕೊಳ್ಳಬೇಡಿ. ಜರ್ಮನಿಯ ಮೈಂಜ್‌ನಲ್ಲಿ 2016ರಲ್ಲಿ ಒಂದೇ ಕ್ಯಾಲ್ಸಿಯಂ ಅಯಾನನ್ನು ಆಲಿಕೆಯಂಥ ವಿದ್ಯುತ್ ಬಲೆಯಲ್ಲಿ ಹಿಡಿದು ಎಂಜಿನ್ ಮಾಡಿದರು. ದಕ್ಷತೆ ಶೇ 0.28. ಅದರ ನಡವಳಿಕೆ ಪೂರ್ತಿ ಹಳೇ ಕಾಲದ ಎಂಜಿನ್‌ನದ್ದೇ. ಅಟ್ಟದ ಎತ್ತರಕ್ಕೆ ಹೋಲಿಸಿದರೆ ಬಿಸಿ ತೀರಾ ಜಾಸ್ತಿ ಇದ್ದರೆ, ಅಟ್ಟ ಇರುವುದೇ ಗೊತ್ತಾಗುವುದಿಲ್ಲ.

ಇನ್ನೊಂದು ತಿದ್ದುಪಡಿ. ಪರಮಾಣು ಜಿಗಿಯಿತು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ. ಅವಸರದ ನಂತರ ಅದು ನೆಲ ಮತ್ತು ಅಟ್ಟ ಎರಡರ ಬೆರಕೆಯಲ್ಲಿ ಇರುತ್ತದೆ. ಬಿಸಿಯನ್ನು ತುಂಬಾ ಹೊತ್ತು ತಾಗಿಸಿದರೆ ಆ ಬೆರಕೆ ಅಳಿಸಿ ಹೋಗುತ್ತದೆ, ನಮ್ಮ ಲೆಕ್ಕ ಸರಿಯಾಗುತ್ತದೆ. ಸ್ವಲ್ಪವೇ ತಾಗಿಸಿದರೆ ಅದು ಮುಂದಿನ ಸ್ಟ್ರೋಕಿಗೂ ಉಳಿಯುತ್ತದೆ, ಕೆಲವೊಮ್ಮೆ ಉಪಕಾರ ಮಾಡುತ್ತದೆ. ಆಕ್ಸ್‌ಫರ್ಡ್‌ನಲ್ಲಿ ವಜ್ರದೊಳಗಿನ ನೈಟ್ರೋಜನ್ ಕಲೆಗಳ ಮೇಲೆ ಮಾಡಿದ, 2019ರಲ್ಲೇ ಪ್ರಕಟವಾದ ಪ್ರಯೋಗದಲ್ಲಿ, ಸ್ಟ್ರೋಕ್‌ಗಳನ್ನು ತುಂಬಾ ಪುಟ್ಟದಾಗಿ ಇಟ್ಟಾಗ ಈ ಬೆರಕೆಯಿಂದ ಹೆಚ್ಚು ಪವರ್ ಬಂತು. ಗೆದ್ದಿದ್ದು ಪವರ್‌ನಲ್ಲಿ. ಕಾರ್ನೋ ಮಿತಿ ಅಲ್ಲಾಡಲಿಲ್ಲ.

ಹಾಗಾದರೆ ‘ಕಾರ್ನೋ ಮಿತಿ ದಾಟಿದ ಎಂಜಿನ್’ ಅಂತ ಆಗಾಗ ಬರುವ ಸುದ್ದಿ? ಅಲ್ಲಿ ಬಿಸಿ ಕಡೆಯಲ್ಲಿರುವುದು ಬರೀ ಶಾಖ ಅಲ್ಲ, ಮೊದಲೇ ಹದ ಮಾಡಿ ಇಟ್ಟದ್ದು. ಹದ ಮಾಡಿದ ಖರ್ಚನ್ನು ಬಿಲ್ಲಿಗೆ ಸೇರಿಸಿರುವುದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಜಕ್ಕೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದವರು 2016ರಲ್ಲಿ ತೋರಿಸಿದ ಎಂಜಿನ್ ಕ್ವಾಂಟಂ ಅಲ್ಲ, ಆದರೆ ಈ ಮಾತಿಗೆ ಒಳ್ಳೆಯ ಉದಾಹರಣೆ. ಲೇಸರ್ ಬಲೆಯಲ್ಲಿ ಒಂದು ಪುಟ್ಟ ಮಣಿ, ಸುತ್ತ ಈಜುವ ಬ್ಯಾಕ್ಟೀರಿಯಾ. ಅವು ಗುದ್ದಿ ಗುದ್ದಿ, ಬರೀ ಬಿಸಿ ನೀರಿನಲ್ಲಿ ಸಿಗದಷ್ಟು ದಕ್ಷತೆ ಸಿಕ್ಕಿತು. ಬ್ಯಾಕ್ಟೀರಿಯಾದ ಊಟದ ಖರ್ಚು ಲೆಕ್ಕಕ್ಕೆ ಬಂದಿಲ್ಲ, ಅಲ್ವಾ?

ಹಾಳೆ ಇನ್ನೂ ಎಸೆಯಬೇಡಿ. 5ರ ಜಾಗಕ್ಕೆ 10 ಹಾಕಿ. ದಕ್ಷತೆ ಶೇ 13ರ ಹತ್ತಿರ ಇಳಿಯುತ್ತದೆ. ಆಮೇಲೆ 12.5 ಹಾಕಿ ನೋಡಿ. ನೀವು ಕೊಟ್ಟಿದ್ದು 59, ಬಂದಿದ್ದೂ 59. ಬಿಸಿ ಕಡೆಯಿಂದ ಬಂದ 45 ರೂಪಾಯಿ, ಒಂದು ಪೈಸೆಯೂ ಉಳಿಯದೆ ತಂಪು ಕಡೆಗೆ ಹೋಗಿರುತ್ತದೆ.