ಮದಕದ ಮಣ್ಣಿನ ದಂಡೆ: ತೋಟದ ಯಜಮಾನರು ತಿಳಿದಿರಬೇಕಾದ ನಿಗಾ ಮತ್ತು ದುರಸ್ತಿ

ಕಾಸರಗೋಡಿನ ಗುಡ್ಡೆಗಳ ನಡುವೆ, ಮೂರು ಬದಿ ಏರುನೆಲವಿದ್ದು ನಾಲ್ಕನೆಯ ಬದಿಗೆ ಮಣ್ಣಿನ ದಂಡೆ ಹಾಕಿ ಮಳೆನೀರು ನಿಲ್ಲಿಸುವ ಮದಕ ನಮಗೆ ಹಳೆಯ ಪರಿಚಯ. ಊರಿನ ಮದಕಕ್ಕೆ ಊರೇ ಕಾವಲಿತ್ತು. ಅಡಿಕೆ ತೋಟದ ಮೇಲ್ಬದಿಯಲ್ಲಿ ಸ್ವಂತ ಖರ್ಚಿನಿಂದ ಜೆಸಿಬಿ ತರಿಸಿ ಕಟ್ಟಿಸಿದ ಮದಕಕ್ಕೆ ಯಜಮಾನನೊಬ್ಬನೇ ಕಾವಲು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆಯು 15 ಮೀಟರಿಗಿಂತ ಎತ್ತರದ ಅಣೆಕಟ್ಟುಗಳಿಗೆ, ಮತ್ತು 10ರಿಂದ 15 ಮೀಟರಿನವುಗಳ ಪೈಕಿ ಉದ್ದ, ಸಂಗ್ರಹ ಮುಂತಾದ ಷರತ್ತುಗಳಿಗೆ ಒಳಪಡುವವುಗಳಿಗೆ ಮಾತ್ರ ಅನ್ವಯಿಸುತ್ತದೆ. ಮೂರು ನಾಲ್ಕು ಮೀಟರ್ ಎತ್ತರದ ತೋಟದ ದಂಡೆಯನ್ನು ಪರೀಕ್ಷಿಸಲು ಆ ಕಾಯ್ದೆಯ ಪ್ರಕಾರ ಯಾವ ಇಂಜಿನಿಯರೂ ಬರುವುದಿಲ್ಲ. ಹಾಗೆಂದು, ದಂಡೆ ಒಡೆದು ಕೆಳಗಿನ ಮನೆ, ಗದ್ದೆಗಳಿಗೆ ನಷ್ಟವಾದರೆ ಹೊಣೆಯಿಂದ ನುಣುಚಿಕೊಳ್ಳುವುದೂ ಸಾಧ್ಯವಿಲ್ಲ.

ಮೊದಲು ಕೋಡಿಯನ್ನು ನೋಡಬೇಕು. ಮಣ್ಣಿನ ದಂಡೆಯ ನೆತ್ತಿಯ ಮೇಲೆ ನೀರು ಹರಿಯತೊಡಗಿದರೆ ಅದು ಕೆಲವೇ ಗಂಟೆಗಳಲ್ಲಿ ಕೊಚ್ಚಿಹೋಗಬಹುದು; ಹೆಚ್ಚಾದ ನೀರನ್ನು ಬೇರೆ ದಾರಿಯಲ್ಲಿ ಹೊರಗೆ ಬಿಡುವ ಕೋಡಿಯೊಂದೇ ಅದಕ್ಕೆ ರಕ್ಷೆ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುವ ಈ ಜಿಲ್ಲೆಯಲ್ಲಿ ಕೋಡಿಯ ಅಗಲವನ್ನು ಕಣ್ಣಂದಾಜಿಗೆ ಬಿಡಬಾರದು. ಲೆಕ್ಕ ಕಷ್ಟದ್ದಲ್ಲ. ಮದಕಕ್ಕೆ ನೀರು ಹರಿದುಬರುವ ಗುಡ್ಡೆ ಐದು ಎಕರೆ, ಅಂದರೆ ಸುಮಾರು 2 ಹೆಕ್ಟೇರ್ ಎಂದಿಟ್ಟುಕೊಳ್ಳಿ. ಅಲ್ಲಿ ಒಂದು ಗಂಟೆಯಲ್ಲಿ 100 ಮಿಲಿಮೀಟರ್ ಮಳೆ ಸುರಿದರೆ ಬಿದ್ದ ನೀರು 20 ಲಕ್ಷ ಲೀಟರ್. ಅದರಲ್ಲಿ ಐದರಲ್ಲಿ ಮೂರು ಪಾಲು ಹರಿದುಬಂದರೂ ಸೆಕೆಂಡಿಗೆ 330 ಲೀಟರ್ ಮೀರುತ್ತದೆ. ಕೋಡಿಯ ಮೇಲೆ ನೀರು 30 ಸೆಂಟಿಮೀಟರ್ ಎತ್ತರದಲ್ಲಿ ಹರಿಯುವಾಗ ಪ್ರತಿ ಮೀಟರ್ ಅಗಲಕ್ಕೆ ಸೆಕೆಂಡಿಗೆ ಸುಮಾರು 280 ಲೀಟರ್ ಹೊರಹೋಗುತ್ತದೆ. ಹಾಗಾಗಿ ಲೆಕ್ಕಕ್ಕೆ ಒಂದೂಕಾಲು ಮೀಟರ್ ಸಾಕು. ಆದರೆ ನಾನು ಎರಡು ಮೀಟರಿಗೆ ಕಡಿಮೆ ಇಡಿಸಲಾರೆ. ಕೋಡಿ ತುಂಬಿ ಹರಿಯುವಾಗಲೂ ನೀರಿನ ಮಟ್ಟಕ್ಕಿಂತ ದಂಡೆಯ ನೆತ್ತಿ ಕನಿಷ್ಠ 60 ಸೆಂಟಿಮೀಟರ್ ಮೇಲಿರಬೇಕು. ಕೋಡಿಯನ್ನು ಹೊಸದಾಗಿ ತುಂಬಿಸಿದ ಮಣ್ಣಿನ ಮೇಲೆ ಮಾಡದೆ, ದಂಡೆಯ ಕೊನೆಯಲ್ಲಿ ಗುಡ್ಡೆಯ ಗಟ್ಟಿ ನೆಲವನ್ನೇ ಕಡಿದು ಮುರಕಲ್ಲು (ಜಂಬಿಟ್ಟಿಗೆ) ಹಾಸಿ, ನೀರು ದಂಡೆಯ ಬುಡಕ್ಕೆ ಬೀಳದಂತೆ ತೋಡಿನವರೆಗೆ (ಹಳ್ಳದವರೆಗೆ) ಒಯ್ಯಬೇಕು.

ಇಷ್ಟೆಲ್ಲ ಮಾಡಿದ ಬಳಿಕ, ಬೇಸಗೆಗೆ ಇನ್ನೊಂದು ಗೇಣು ನೀರು ಸಿಗಲಿ ಎಂದು ಕೋಡಿಗೆ ಹಲಗೆಯನ್ನೋ ಹೊಯಿಗೆ (ಮರಳು) ಚೀಲವನ್ನೋ ಅಡ್ಡ ಇಡುವ ಅಭ್ಯಾಸ ಹಲವರಿಗಿದೆ. ತುಲಾ ಮಾಸದ (ಅಕ್ಟೋಬರ್–ನವೆಂಬರ್) ಸಿಡಿಲುಮಳೆ ಹೇಳಿ ಬರುವುದಿಲ್ಲ. ಆ ಆಸೆಯನ್ನು ಬಿಡುವುದೇ ಒಳ್ಳೆಯದು. ಮೀನು ತಪ್ಪಿಸಿಕೊಳ್ಳದಂತೆ ಕಟ್ಟುವ ಬಲೆಯೂ ಅಷ್ಟೇ ಅಪಾಯಕಾರಿ, ಏಕೆಂದರೆ ಅಡಿಕೆ ಹಾಳೆ, ಸೋಗೆ, ಬಾಳೆದಿಂಡುಗಳು ಅದರಲ್ಲಿ ಸಿಕ್ಕಿ ಒಂದೇ ರಾತ್ರಿಯಲ್ಲಿ ಕೋಡಿ ಮುಚ್ಚಿಹೋಗುತ್ತದೆ.

ಎರಡನೆಯ ಶತ್ರು ದಂಡೆಯ ಒಳಗಿನಿಂದ ನುಸುಳುವ ನೀರು. ಎಲ್ಲ ಮಣ್ಣಿನ ದಂಡೆಗಳೂ ಸ್ವಲ್ಪ ಒಸರುತ್ತವೆ. ಹೊರಬದಿಯ ಬುಡದಲ್ಲಿ ತಿಳಿನೀರು ಒಂದೇ ಪ್ರಮಾಣದಲ್ಲಿ ಬರುತ್ತಿದ್ದರೆ ಗಾಬರಿ ಬೇಡ. ಆ ನೀರನ್ನು ಒಂದು ಕೊಳವೆಗೆ ತಿರುಗಿಸಿ, ಕೊಡಪಾನ ತುಂಬಲು ಎಷ್ಟು ಸೆಕೆಂಡು ಬೇಕು ಎಂಬುದನ್ನು ವಾರಕ್ಕೊಮ್ಮೆ ಮದಕದ ನೀರಿನ ಮಟ್ಟದೊಂದಿಗೆ ಬರೆದಿಡಬೇಕು. ಮಟ್ಟ ಏರದೆಯೇ ಒಸರು ಹೆಚ್ಚಿದರೆ, ಅಥವಾ ನೀರು ಕದಡಿ ಬಂದರೆ, ದಂಡೆಯ ಒಳಗಿನ ಮಣ್ಣು ಹೊರಬರುತ್ತಿದೆ ಎಂದೇ ತಿಳಿಯಬೇಕು. ಹೊರಬದಿಯಿಂದ ಜೇಡಿಮಣ್ಣು ಮೆತ್ತಿ ಅದನ್ನು ಮುಚ್ಚುವುದು ದೊಡ್ಡ ತಪ್ಪು. ದಾರಿ ಕಟ್ಟಿದ ನೀರು ಒಳಗೇ ಒತ್ತಡ ಹೆಚ್ಚಿಸಿ ಬೇರೆಡೆ ಒಡೆಯುತ್ತದೆ. ಮೊದಲು ಹೊಯಿಗೆ, ಅದರ ಮೇಲೆ ಸಣ್ಣ ಜಲ್ಲಿ, ಮೇಲೆ ದೊಡ್ಡ ಜಲ್ಲಿ ಹೇರಿದರೆ ನೀರು ಹೊರಬರುತ್ತದೆ, ಮಣ್ಣು ಒಳಗೇ ಉಳಿಯುತ್ತದೆ. ನಮ್ಮ ಮುರಕಲ್ಲಿನ ಪದರದ ಕೆಳಗೆ ಸಿಗುವ ನುಣ್ಣನೆಯ ಶೇಡಿ ಮಣ್ಣು ನೋಡಲು ಜೇಡಿಯಂತಿದ್ದರೂ ನೆನೆದಾಗ ಬಲ ಕಳೆದುಕೊಂಡು ಸುಲಭವಾಗಿ ಕೊಚ್ಚಿಹೋಗುತ್ತದೆ. ದಂಡೆಗೂ ದುರಸ್ತಿಗೂ ಅದನ್ನು ಬಳಸಬಾರದು.

ದಂಡೆಯ ಮೂಲಕ ಹಾಯಿಸಿದ ಪಿವಿಸಿ ಪೈಪಿನ ಸುತ್ತಲೂ ಮಣ್ಣು ಸರಿಯಾಗಿ ಗುದ್ದಲ್ಪಡದ ಕಾರಣ ನೀರು ಅದರ ಹೊರಮೈಯನ್ನೇ ಹಿಡಿದು ಬರುತ್ತದೆ. ಇಳಿಜಾರಿನ ತೋಟಕ್ಕೆ ನೆತ್ತಿಯ ಮೇಲಿಂದ ಪೈಪು ಹಾಯಿಸಿ ನೀರು ಎಳೆದುಕೊಳ್ಳುವುದು ಎಷ್ಟೋ ಮೇಲು.

ದಂಡೆಯ ಮೇಲೆ ತೆಂಗು, ಗೇರು ಯಾವುದೂ ಬೇಡ. ಮರ ಸತ್ತು ಬೇರು ಕೊಳೆತಾಗ ಅದೇ ನೀರಿನ ಕಾಲುವೆ. ಗರಿಕೆ ಬೆಳೆಸಿ ಗಿಡ್ಡವಾಗಿ ಕತ್ತರಿಸುತ್ತಿದ್ದರೆ ಹೆಗ್ಗಣ, ಮುಳ್ಳುಹಂದಿ, ಏಡಿಗಳ ಮಾಟೆಗಳೂ ಕಣ್ಣಿಗೆ ಬೀಳುತ್ತವೆ. ಮಾಟೆಯ ಬಾಯಿಯನ್ನಷ್ಟೇ ಮುಚ್ಚದೆ ಕೊನೆಯವರೆಗೆ ಅಗೆದು, 15 ಸೆಂಟಿಮೀಟರಿಗೊಂದು ಪದರದಂತೆ ಹಸಿಮಣ್ಣು ಗುದ್ದಿ ತುಂಬಬೇಕು. ಬಿರುಕುಗಳಿಗೂ ಇದೇ ಕ್ರಮ. ಉದ್ದಕ್ಕೆ ಬಿಟ್ಟ ಬಿರುಕಿಗಿಂತ ನೀರಿನ ಬದಿಯಿಂದ ಹೊರಬದಿಗೆ ಅಡ್ಡ ಹಾಯುವ ಬಿರುಕು ಹೆಚ್ಚು ಅಪಾಯದ್ದು.

ಅಗೆಯುವ ಕೆಲಸವೆಲ್ಲ ಮೇ ಕೊನೆಯ ವಾರದ ಹೊತ್ತಿಗೆ ಬರುವ ಪತ್ತನಾಜೆಗೆ ಮೊದಲೇ ಮುಗಿದಿರಲಿ. ಮಳೆ ಹಿಡಿದ ಮೇಲೆ ದಂಡೆಗೆ ಹಾರೆ ತಾಗಿಸಬಾರದು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ದಿನಕ್ಕೊಮ್ಮೆ, ದೊಡ್ಡ ಮಳೆ ಸುರಿದ ರಾತ್ರಿಯ ಮರುದಿನ ಬೆಳಗ್ಗೆ ತಪ್ಪದೆ, ನೆತ್ತಿಯ ಮೇಲೂ ಹೊರಬದಿಯ ಬುಡದಲ್ಲೂ ನಡೆದು ನೋಡಬೇಕು. ನೆತ್ತಿಯ ಉದ್ದಕ್ಕೆ ನಾಲ್ಕಾರು ಗೂಟ ನೆಟ್ಟು ಮಟ್ಟದ ಹಗ್ಗ ಕಟ್ಟಿದ್ದರೆ ಎಲ್ಲಿ ಕುಸಿದಿದೆ ಎಂಬುದು ತಕ್ಷಣ ಕಾಣುತ್ತದೆ.

ಕದಡಿದ ನೀರು ರಭಸವಾಗಿ ಬರತೊಡಗಿದರೆ ಮೊದಲು ಕೆಳಗಿನ ಮನೆಯವರನ್ನು ಎಬ್ಬಿಸಬೇಕು. ಬಳಿಕ ಪಂಚಾಯತಿಗೂ ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೂ ತಿಳಿಸಿ, ತೂಬು, ಪಂಪುಗಳಿಂದ ನೀರು ಇಳಿಸತೊಡಗಬೇಕು. ಸಾಮಾನ್ಯ ದಿನಗಳಲ್ಲಾದರೆ ದಿನಕ್ಕೆ 30 ಸೆಂಟಿಮೀಟರಿಗಿಂತ ವೇಗವಾಗಿ ಇಳಿಸುವುದು ಸರಿಯಲ್ಲ, ನೆನೆದ ಒಳಬದಿ ಜಾರುತ್ತದೆ. ದಂಡೆಯೇ ಹೋಗುವ ಹೊತ್ತಿನಲ್ಲಿ ಮಾತ್ರ ಆ ನಿಯಮವನ್ನು ಬದಿಗಿಡಬಹುದು. ತೋಡಿನ ಬದಿಯ ಪ್ರತಿ ಮನೆಯ ಫೋನ್ ಸಂಖ್ಯೆಯನ್ನು ಪಂಪ್‌ಶೆಡ್ಡಿನ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿಡಬೇಕು, ಏಕೆಂದರೆ ಆ ಹೊತ್ತಿಗೆ ಯಜಮಾನ ಊರಲ್ಲಿರದೆ ತೋಟದ ಕೆಲಸದವನೊಬ್ಬನೇ ಇರಬಹುದು.