ಪೊಟ್ಟಣ ಕೊಡುವ ಮೊದಲು ನಾನು ಕೇಳುವ ಪ್ರಶ್ನೆಗಳು

ಶಿರಸಿಯ ಆಸ್ಪತ್ರೆಯೊಂದರ ಎಂಡೋಸ್ಕೋಪಿ ವಿಭಾಗದಲ್ಲಿ ನಾನು ಶುಶ್ರೂಷಕಿ. ಕೊಲೊನೋಸ್ಕೋಪಿಗೆ, ಅಂದರೆ ಕ್ಯಾಮೆರಾ ಇರುವ ಕೊಳವೆಯಿಂದ ದೊಡ್ಡ ಕರುಳನ್ನು ನೋಡುವ ಪರೀಕ್ಷೆಗೆ, ಬರುವವರಿಗೆ ಕರುಳು ಸ್ವಚ್ಛಗೊಳಿಸುವ ಪುಡಿಯ ಪೊಟ್ಟಣ ಕೊಟ್ಟು, ಕುಡಿಯುವ ಕ್ರಮ ತಿಳಿಸುವುದು ನನ್ನ ಪಾಲಿನ ಕೆಲಸ. ಮೊದಮೊದಲು, 2 ಲೀಟರ್ ನೀರಿನಲ್ಲಿ ಕರಗಿಸಿ ಕುಡಿಯಿರಿ ಎಂದರೆ ಸಾಕೆಂದುಕೊಂಡಿದ್ದೆ.

ಹಾಗೆ ಕಳಿಸಿದವರಲ್ಲಿ ಸಿದ್ದಾಪುರದ ಕಡೆಯ ಅಜ್ಜ ಒಬ್ಬರಿದ್ದರು. ರಕ್ತದೊತ್ತಡದ ಮಾತ್ರೆಯೊಂದಿಗೆ ಮೂತ್ರ ಹೆಚ್ಚಿಸುವ ಮಾತ್ರೆಯನ್ನೂ, ಮಂಡಿನೋವಿಗೆ ಅಂಗಡಿಯಿಂದ ತಂದ ಗುಳಿಗೆಯನ್ನೂ ನುಂಗುತ್ತಿದ್ದರು. ಮಳೆಗಾಲದ ರಾತ್ರಿ, ಪಾಯಿಖಾನೆ ಹಿತ್ತಲಿನಲ್ಲಿ. ಭೇದಿಯ ಜೊತೆ ಮೂತ್ರದ ಮಾತ್ರೆಯೂ ಮೈಯ ನೀರಿಳಿಸಿ, ಐದಾರು ಸಲ ಓಡಾಡುವಷ್ಟರಲ್ಲಿ ತಲೆ ಸುತ್ತಿ ಅಂಗಳದಲ್ಲೇ ಬಿದ್ದರು. ಪುಣ್ಯಕ್ಕೆ ಮೂಳೆ ಮುರಿಯಲಿಲ್ಲ. "ಕೇಳಿದ್ರೆ ಹೇಳ್ತಿದ್ನಲ್ಲ ತಂಗಿ" ಎಂದರು. ಕೇಳದೆ ಇದ್ದದ್ದು ನಾನೇ.

ಅಂದಿನಿಂದ, ಮನೆಯಲ್ಲಿರುವ ಮಾತ್ರೆಗಳನ್ನೆಲ್ಲ ಚೀಲದಲ್ಲಿ ತುಂಬಿ ತನ್ನಿ ಎನ್ನುತ್ತೇನೆ. ಕಬ್ಬಿಣಾಂಶದ ಮಾತ್ರೆ ಮಲವನ್ನು ಕಪ್ಪಾಗಿಸುವುದರಿಂದ ಕನಿಷ್ಠ 5 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯ, ರಕ್ತ ತೆಳುಮಾಡುವ ಔಷಧಗಳ ಮಾತು ವೈದ್ಯರದ್ದು, ನಾನು ಕೈ ಹಾಕುವುದಿಲ್ಲ. ಹೊಟ್ಟೆ ಉಬ್ಬರಿಸಿ, ವಾಂತಿಯಾಗುತ್ತ, ಗಾಳಿಯೂ ಹೋಗದವರಿಗೆ ಪೊಟ್ಟಣ ಕೊಡುವುದೇ ಇಲ್ಲ, ಏಕೆಂದರೆ ಕರುಳು ಕಟ್ಟಿಕೊಂಡಿದ್ದರೆ ಈ ಔಷಧವೇ ಅಪಾಯ. ಮೂತ್ರಪಿಂಡದ ತೊಂದರೆಯಿದ್ದವರು, ಕುಡಿಯಲು ಸುಲಭವೆಂದು ಫಾಸ್ಫೇಟ್ ದ್ರಾವಣದ ಸಣ್ಣ ಬಾಟಲಿ ಕೊಳ್ಳಬಾರದೆಂದು ಒತ್ತಿ ಹೇಳುತ್ತೇನೆ. ಅದು ಮೂತ್ರಪಿಂಡಕ್ಕೇ ಹಾನಿ ಮಾಡಬಲ್ಲದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2008ರಲ್ಲೇ ಕಟ್ಟೆಚ್ಚರ ನೀಡಿತ್ತು. ನಾವು ಕೊಡುವ ಪಾಲಿಎಥಿಲೀನ್ ಗ್ಲೈಕಾಲ್ ಪುಡಿ ಕುಡಿಯಲು ಬೇಸರ, ನಿಜ. ಆದರೆ ಅದು ಮೈಗೆ ಹೆಚ್ಚು ಹೀರಿಕೊಳ್ಳದೆ ಹೊರಹೋಗುತ್ತದೆ.

ನಮ್ಮ ಕಡೆ ಎಡವುವುದು ಪಾನಕದಲ್ಲಿ. ತಿಳಿಯಾದದ್ದು ಏನನ್ನಾದರೂ ಕುಡಿಯಬಹುದೆಂದರೆ, ಮುರುಗಲು (ಕೋಕಂ) ಪಾನಕವನ್ನೇ ತಂಬಿಗೆಗಟ್ಟಲೆ ಕುಡಿದು ಬಂದವರಿದ್ದಾರೆ; ಆ ಕೆಂಪು ಒಳಗೆ ರಕ್ತದಂತೆ ಕಾಣುತ್ತದೆ. ಬಿಳಿ ಮುರುಗಲಾದರೆ ನನ್ನ ಅಡ್ಡಿಯಿಲ್ಲ. ಬರೀ ನೀರನ್ನೇ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿಯುವ ಭಯವಿರುವುದರಿಂದ, ಉಪ್ಪು ಹಾಕಿದ ಗಂಜಿತಿಳಿಯನ್ನು ಅರಿವೆಯಲ್ಲಿ ಸೋಸಿ ಕುಡಿಯಲು ಹೇಳುತ್ತೇನೆ. ಎಳನೀರು ಒಳ್ಳೆಯದೇ, ಆದರೆ ಪೊಟ್ಯಾಸಿಯಂ ಹೆಚ್ಚಿರುವುದರಿಂದ ಮೂತ್ರಪಿಂಡದ ರೋಗಿಗಳಿಗೆ ಬೇಡ.

ಔಷಧದ ಅರ್ಧ ಹಿಂದಿನ ಸಂಜೆ. ಉಳಿದರ್ಧವನ್ನು ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು ಆರಂಭಿಸಿ, ಕೊನೆಯ 2 ಗಂಟೆ ಏನನ್ನೂ ಕುಡಿಯದೆ ಇರಬೇಕು. ಕುಮಟೆಯಿಂದ ಬಂದ ಹೆಂಗಸೊಬ್ಬರು ನಸುಕಿನಲ್ಲಿ ಎರಡನೆಯ ಅರ್ಧ ಕುಡಿದು ಬಸ್ ಹತ್ತಿದ್ದರು. ದೇವಿಮನೆ ಘಟ್ಟದಲ್ಲಿ ಅವರು ಪಟ್ಟ ಪಾಡನ್ನು ಕೇಳಿದ ಮೇಲೆ, ಘಟ್ಟದ ಕೆಳಗಿನವರಿಗೆ ಮಧ್ಯಾಹ್ನದ ಸರದಿ ಬರೆಯುತ್ತೇನೆ. ಮೊದಲ ಬಸ್ಸಿಗೆ ಬಂದು, ಎರಡನೆಯ ಅರ್ಧವನ್ನು ನಮ್ಮ ವಾರ್ಡಿನಲ್ಲೇ, ಪಾಯಿಖಾನೆಯ ಪಕ್ಕದ ಮಂಚದಲ್ಲಿ ಕೂತು ಕುಡಿಯುತ್ತಾರೆ.