ಮಂಚದ ಮೇಲೆ ಚೆನ್ನೆಮಣೆ

ಕಳೆದ ಆಟಿಯಲ್ಲಿ, ಅಂದರೆ ತುಳುನಾಡಿನ ಜೋರು ಮಳೆಯ ತಿಂಗಳಲ್ಲಿ, ಅಂಗಳದ ಪಾಚಿಗೆ ಜಾರಿ ಬಿದ್ದೆ. ಬಲಗಾಲಿನ ಪಾದದ ಗಂಟಿನ ಹತ್ತಿರ ಎಲುಬು ಬಿರುಕು ಬಿಟ್ಟಿತ್ತು. ಆಪರೇಷನ್ ಬೇಡ, ಮೊಣಕಾಲಿನ ಕೆಳಗೆ ಆರು ವಾರ ಪ್ಲಾಸ್ಟರ್ ಸಾಕು ಎಂದರು ಡಾಕ್ಟರು. ಆದರೆ ಕಾಲು ಕೆಳಗೆ ಊರುವ ಹಾಗಿಲ್ಲ. ಊತ ಇಳಿಯಬೇಕಾದರೆ ಕಾಲು ಎದೆಗಿಂತ ಮೇಲಿರಬೇಕು. ಎರಡು ದಿಂಬಿನ ಮೇಲೆ ಕಾಲು, ಮೇಲೆ ಫ್ಯಾನು, ಹೊರಗೆ ಕರಾವಳಿಯ ಮಳೆ.

"ಒಳ್ಳೇದಾಯ್ತು, ಮೊಬೈಲ್ ನೋಡ್ಕೊಂಡು ಆರಾಮ ಇರಿ" ಎಂದು ನೋಡಲು ಬಂದವರೆಲ್ಲ ಹೇಳಿ ಹೋದರು. ಅಂಗಾತ ಮಲಗಿ ಮೊಬೈಲ್ ಹಿಡಿದು ನೋಡಿ, ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ. ನೋವಿನ ಮಾತ್ರೆಯ ಮಂಪರು ಬೇರೆ. ಎರಡನೇ ದಿನವೇ ಫೋನು ನೇರ ಮೂಗಿನ ಮೇಲೆ ಬಿತ್ತು. ಯಾವುದೋ ಸೀರಿಯಲ್ಲಿನ ನಾಲ್ಕು ಕಂತು ನೋಡಿದೆ, ಯಾರು ಯಾರನ್ನು ಕೊಂದರು ಅಂತ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಅಡುಗೆಮನೆಯ ರೇಡಿಯೋ ತಲೆದೆಸೆಗೆ ಬಂತು. ಮಂಗಳೂರು ಆಕಾಶವಾಣಿ, 100.3. ರೇಡಿಯೋದಲ್ಲಿ ನನಗೆ ಹಿಡಿಸಿದ್ದು ಏನೆಂದರೆ, ಅದು ನನ್ನನ್ನು ಕೇಳುವುದಿಲ್ಲ. ಮುಂದೇನು ಹಾಕಲಿ ಅಂತ ಬೆರಳು ಆಡಿಸುವ ಕೆಲಸವೇ ಇಲ್ಲ. ವಾರ್ತೆ ಬಂದರೆ ಬೆಳಗಾಯಿತು, ತುಳು ಹಾಡು ಬಂದರೆ ಬರಲಿ. ಮಲಗಿದವರಿಗೆ ದಿನಕ್ಕೊಂದು ಆಕಾರ ಬೇಕು, ಅಲ್ವಾ?

ಆದರೆ ನನ್ನನ್ನು ನಿಜಕ್ಕೂ ಕಾಪಾಡಿದ್ದು ತಾಳಮದ್ದಳೆ. ಯಕ್ಷಗಾನವೇ, ಆದರೆ ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ ಹಾಡುತ್ತಾರೆ, ಪಾತ್ರಗಳ ಮಾತು ಆಡುವ ಅರ್ಥಧಾರಿಗಳು ಕೂತಲ್ಲೇ ವಾದ ಮಾಡುತ್ತಾರೆ. ನೋಡುವುದಕ್ಕೆ ಏನೂ ಇಲ್ಲ, ಕಣ್ಣು ಮುಚ್ಚಿದರೆ ನಷ್ಟ ಇಲ್ಲ. ಮಗ ಯೂಟ್ಯೂಬಿನಿಂದ ಹಳೆಯ ಧ್ವನಿಮುದ್ರಣ ಹುಡುಕಿ ಸಣ್ಣ ಸ್ಪೀಕರಿಗೆ ಹಾಕಿ ಕೊಟ್ಟ. ಹೆಸರಾಂತ ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ. ಮರೆಯಲ್ಲಿ ನಿಂತು ಬಾಣ ಬಿಟ್ಟದ್ದು ಯಾವ ನ್ಯಾಯ ಎಂದು ವಾಲಿ ಕೇಳುವಾಗ ನನಗೆ ಕಣ್ಣು ಎಳೆಯಿತು. ಅರ್ಧ ಗಂಟೆ ನಿದ್ದೆ ಮಾಡಿ ಎದ್ದರೆ ರಾಮ–ವಾಲಿ ಇನ್ನೂ ಅದೇ ಬಾಣದ ಮೇಲೆ ಇದ್ದರು! ಕಾಯಿಲೆಯವರಿಗೆ ಇದಕ್ಕಿಂತ ಅನುಕೂಲದ ಕಲೆ ಇಲ್ಲ ಮಾರಾಯ್ರೆ. ಮೂರನೇ ವಾರಕ್ಕೆ ನಾನೇ ಗೋಡೆಯ ಹಲ್ಲಿಗೆ ಅರ್ಥ ಹೇಳತೊಡಗಿದ್ದೆ.

ಚೆನ್ನೆಮಣೆ, ಅಂದರೆ ಗುಳಿಯ ಮಣೆಯಲ್ಲಿ ಕಾಯಿ ಹಾಕಿ ಆಡುವ ಆಟ, ಅತ್ತೆಯ ಐಡಿಯಾ. ನಮ್ಮ ಮನೆಯಲ್ಲಿ ಅದು ಆಟಿಯಲ್ಲಿ ಮಾತ್ರ ಅಟ್ಟದಿಂದ ಇಳಿಯುತ್ತದೆ. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ನಾಲ್ಕು ಕಾಯಿ, ಒಟ್ಟು 56. ನಮ್ಮಲ್ಲಿ ಮಂಜೊಟ್ಟಿ ಮರದ ಕೆಂಪು ಬೀಜವೇ ಕಾಯಿ. ಒಂದು ಗುಳಿಯ ಕಾಯಿ ಎತ್ತಿ ಒಂದೊಂದೇ ಬಿತ್ತುತ್ತಾ ಹೋಗುವುದು. ಅತ್ತೆ ಎಣಿಸುವುದೇ ಇಲ್ಲ, ಬೆರಳಿನಲ್ಲಿ ಸುಮ್ನೆ ಸವರಿ ಎಷ್ಟಿದೆ ಅಂತ ತಿಳಿಯುತ್ತಾರೆ. ಮೊದಲ ವಾರ ನಾನು ಒಂದೂ ಗೆಲ್ಲಲಿಲ್ಲ. ನೋವು ಜಾಸ್ತಿ ಇದ್ದ ದಿನ ಸೋತು ಕೊಟ್ಟರು ಅಂತ ಅನುಮಾನ. ಕೇಳಿದರೆ ಒಪ್ಪುವುದಿಲ್ಲ.

ಹಾಸಿಗೆಯ ಮೇಲೆ ಮಣೆ ನಿಲ್ಲುವುದು ಕಷ್ಟ. ನಾನು ಸ್ವಲ್ಪ ಮಗ್ಗುಲು ತಿರುಗಿದರೂ ವಾಲುತ್ತದೆ. ಮಂಜೊಟ್ಟಿ ಮೊದಲೇ ಉರುಟು, ನುಣುಪು. ಒಂದು ಸಂಜೆ ಮಣೆ ಮಗುಚಿತು. ಮಂಚದ ಕೆಳಗೆಲ್ಲ ಹುಡುಕಿ 55 ಸಿಕ್ಕಿದವು. ಅವತ್ತಿನಿಂದ ಮಣೆಯನ್ನು ಗೆರಸೆಯೊಳಗೆ, ಅಂದರೆ ಮೊರದೊಳಗೆ, ಇಟ್ಟು ಆಡಿದೆವು. ಬಿದ್ದದ್ದು ಗೆರಸೆಯ ಅಂಚಿಗೆ ತಡೆಯುತ್ತದೆ. ಮಂಚದ ಮೇಲೆ ಆಡುವವರು ಮೊದಲೇ ಹೀಗೆ ಮಾಡಿಕೊಳ್ಳಿ. ಐವತ್ತಾರನೆಯ ಕಾಯಿಗೆ ಅಂಗಿಯ ಗುಂಡಿ.

ಅದೇ ವಾರ ಪ್ಲಾಸ್ಟರಿನೊಳಗೆ ಏನೋ ಒತ್ತಲು ಶುರುವಾಯಿತು. ಹತ್ತಿಯ ಗಂಟು ಇರಬೇಕು ಎಂದುಕೊಂಡು ಸುಮ್ಮನಾದೆ. ಹಾಗೆ ಸುಮ್ಮನಿದ್ದದ್ದು ತಪ್ಪು. ಒಳಗೆ ಒತ್ತಿದರೆ ಗಾಯವಾಗಬಹುದು, ಕೂಡಲೇ ಡಾಕ್ಟರಿಗೆ ಹೇಳಬೇಕಿತ್ತು.

ಆರನೇ ವಾರ ಪ್ಲಾಸ್ಟರ್ ಬಿಚ್ಚಲು ಹೋದೆವು. ಕತ್ತರಿಸುವ ಮೆಷಿನ್ನಿನ ಸದ್ದಿಗೆ ಕಣ್ಣು ಮುಚ್ಚಿದ್ದೆ. ಅದರ ಅಲಗು ತಿರುಗುವುದಿಲ್ಲ, ಅದುರುತ್ತದೆ ಅಷ್ಟೆ, ಚರ್ಮ ಕೊಯ್ಯುವುದಿಲ್ಲ ಎಂದು ಡಾಕ್ಟರು ಸಮಾಧಾನ ಹೇಳುತ್ತಿದ್ದರು. ಪ್ಲಾಸ್ಟರ್ ಎರಡು ಹೋಳಾಯಿತು. ಟಕ್ ಎಂದು ಏನೋ ನೆಲಕ್ಕೆ ಬಿದ್ದು ಉರುಳಿತು. ಮೀನಖಂಡದ ಮೇಲೆ ಬಟಾಣಿಯಷ್ಟು ಕೆಂಪು ಗುಳಿ.

ಡಾಕ್ಟರು ಬಗ್ಗಿ ಎತ್ತಿಕೊಂಡರು. ಇದೇನು ಅಂತ ಅವರು ಬೈಯುವ ಮೊದಲೇ ಅತ್ತೆ ಕೈ ಚಾಚಿ ಅದನ್ನು ಇಸಕೊಂಡು, ಸೆರಗಿನ ತುದಿಗೆ ಗಂಟು ಹಾಕಿಕೊಂಡರು.